ಅಕ್ಕಿಹಿಟ್ಟಿನ ಉಂಡೆನ ತರಕಾರಿ ಸಾರಲ್ಲೇ ಬೇಯಿಸೋದು ಹೇಗೆ? ಬಿಟ್ಕೊಂಡು ಗಂಜಿ ಥರ ಆಗುತ್ತೆ

ಹಾಸನದ ಸೊಸೆ:
ಎಲ್ರಿಗೂ ನಮಸ್ಕಾರ. ಅಡುಗೆ ಗೊತ್ತಿರೋರು ಸ್ವಲ್ಪ ಹೇಳ್ಕೊಡಿ ಪ್ಲೀಸ್. ಮಳೆ ಹಿಡ್ಕೊಂಡ್ರೆ ನಮ್ ಹಾಸನದಲ್ಲಿ ಸಂಜೆ ಆರಕ್ಕೇ ಚಳಿ, ನಾನು ಕೆಲಸ ಮುಗ್ಸಿ ಮನೆಗೆ ಬರೋದು ಏಳು ಗಂಟೆ, ಆಮೇಲೆ ಮುದ್ದೆ ಬೇರೆ ಸಾರು ಬೇರೆ ಪಲ್ಯ ಬೇರೆ ಅಂತ ನಿಂತ್ರೆ ಊಟಕ್ಕೆ ಒಂಬತ್ತೂವರೆ ಆಗೋಗುತ್ತೆ, ಅದಕ್ಕೆ ಒಂದೇ ಪಾತ್ರೇಲಿ ಮುಗಿಯೋ ಥರ ಏನಾದ್ರೂ ಬೇಕು. ಒಂದು ವಿಡಿಯೋದಲ್ಲಿ ಫಾರಿನ್ನೋರು ಆಲೂಗಡ್ಡೆ ಕ್ಯಾರೆಟ್ ಎಲ್ಲಾ ಹಾಕಿ ಸಪ್ಪೆ ಸಾರು ಕುದಿಸಿ ಅದ್ರೊಳಗೇ ಮೈದಾ ಹಿಟ್ಟನ್ನ ಚಮಚದಲ್ಲಿ ಬಿಟ್ಟು ಮುಚ್ಚಿಟ್ರು, ತೆಗೆದಾಗ ಒಳ್ಳೆ ಉಬ್ಬಿದ ಉಂಡೆ ಆಗಿತ್ತು, ನೋಡೋಕೇ ಖುಷಿ ಆಯ್ತು. ನಮ್ಮನೇಲಿ ಮೈದಾ ಜಾಸ್ತಿ ಬಳ್ಸಲ್ಲ, ಅಕ್ಕಿಹಿಟ್ಟಲ್ಲಿ ಆಗ್ಬೇಕು.

ನಾನು ಮಾಡೋದು ಹಿಂಗೆ: ಆಲೂಗಡ್ಡೆ, ಬೀನ್ಸ್, ಕ್ಯಾರೆಟ್, ಬಟಾಣಿ, ಈರುಳ್ಳಿ, ಸ್ವಲ್ಪ ಶುಂಠಿ, ಹಸಿಮೆಣಸಿನಕಾಯಿ, ಟೊಮ್ಯಾಟೊ. ಬೇಳೆ ಹಾಕಲ್ಲ. ಕೊನೇಲಿ ಕಾಯಿಹಾಲು. ಅಕ್ಕಿಹಿಟ್ಟಿಗೆ ಉಪ್ಪು ಜೀರಿಗೆ ಹಾಕಿ ನೀರಲ್ಲಿ ಕಲಸಿ ಉಂಡೆ ಕಟ್ಟಿ ಕುದಿಯೋ ಸಾರಿಗೆ ಬಿಟ್ರೆ ಮೇಲಿನ ಹಿಟ್ಟೆಲ್ಲಾ ಸಾರಿಗೆ ಬಿಟ್ಕೊಳ್ಳುತ್ತೆ, ಉಳಿದಿದ್ದು ಒಳಗೆ ಹಸಿ ಹಿಟ್ಟು ಹಂಗೇ ಇರುತ್ತೆ. ಮಾವನೋರಿಗೆ ಹಲ್ಲಿಲ್ಲ, ಮೆತ್ತಗೂ ಇರ್ಬೇಕು. ಹಿಟ್ಟು ಕಲಸೋದ್ರಲ್ಲಿ ತಪ್ಪಾ, ಬೇಯಿಸೋದ್ರಲ್ಲಿ ತಪ್ಪಾ? ಕುಕ್ಕರಲ್ಲಿ ಇಟ್ರೆ ಆಗುತ್ತಾ?

ತೋಟದಮನೆ ಮೂಡಿಗೆರೆ:
ಕಲಸೋದ್ರಲ್ಲೇ ಇರೋದು ಕಣ್ರೀ. ತಣ್ಣೀರಲ್ಲಿ ಕಲಸಿದ ಅಕ್ಕಿಹಿಟ್ಟು ನೀರಿಗೆ ಬಿದ್ರೆ ನಿಲ್ಲೋದೇ ಇಲ್ಲ, ಯಾರು ಕಟ್ಟಿದ್ರೂ ಅಷ್ಟೆ. ಹಿಟ್ಟನ್ನ ಮೊದ್ಲು ಉಕ್ಕರಿಸ್ಕೋಬೇಕು. ಅಕ್ಕಿರೊಟ್ಟಿಗೆ ಮಾಡಲ್ವಾ, ಅದೇ.

ಅಂಗಡಿ ನುಣ್ಣನೆ ಹಿಟ್ಟಾದ್ರೆ ಒಂದು ಲೋಟ ಹಿಟ್ಟಿಗೆ ಒಂದು ಲೋಟ ನೀರು, ಮಿಲ್ಲಲ್ಲಿ ಮಾಡ್ಸಿದ್ದು ಅಥವಾ ಹಳೇ ಅಕ್ಕೀದಾದ್ರೆ ಒಂದೂಕಾಲು ಲೋಟ ಹಿಡಿಯುತ್ತೆ, ಹಳೇ ಅಕ್ಕಿ ನೀರು ಜಾಸ್ತಿ ಕುಡಿಯುತ್ತೆ ಹೊಸ ಅಕ್ಕಿ ಕಡಿಮೆ ನೀರಲ್ಲೇ ಅಂಟು ಬರುತ್ತೆ, ಅದಕ್ಕೇ ಅಳತೆ ಒಂದೇ ಹೇಳೋಕಾಗಲ್ಲ. ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಚೆನ್ನಾಗಿ ಮರಳೋವಾಗ ಉರಿ ಸಣ್ಣ ಮಾಡಿ ಹಿಟ್ಟು ಸುರೀರಿ, ಮುದ್ದೆಗೆ ಹಾಕ್ದಂಗೆ ಮಧ್ಯಕ್ಕೆ ಗುಡ್ಡೆ ಹಾಕಿ ಮುಚ್ಚಿ, ಎರಡು ನಿಮಿಷ ಬಿಟ್ಟು ಕೋಲಲ್ಲಿ ತಿರುವಿ ಒಲೆ ಆರ್ಸಿ ಮತ್ತೆ ಹತ್ತು ನಿಮಿಷ ಮುಚ್ಚಿಡಿ. ಆ ಮುಚ್ಚಿಡೋದು ಮುಖ್ಯ, ಒಳಗಿರೋ ಕಾವಿಗೇ ಅರ್ಧ ಬೇಯುತ್ತೆ. ಕೈ ತಡಿಯೋ ಅಷ್ಟು ಬಿಸಿ ಇರೋವಾಗ್ಲೇ ಕೈಗೆ ನೀರು ಹಚ್ಕೊಂಡು ಚೆನ್ನಾಗಿ ನಾದಿ, ಬಿರುಕು ಕಾಣ್ಬಾರ್ದು. ಬಿರುಕು ಇದ್ರೆ ಅಲ್ಲಿಂದ್ಲೇ ಬಿಟ್ಕೊಳ್ಳೋಕೆ ಶುರು ಆಗೋದು. ಜೀರಿಗೆ, ಕಾಯಿತುರಿ ನಾದೋವಾಗ ಸೇರ್ಸಿ.

ಉಂಡೆ ಅಡಿಕೆಕಾಯಿ ಗಾತ್ರಕ್ಕಿಂತ ದೊಡ್ಡದು ಬೇಡ. ಕಟ್ಟಿ ಮಧ್ಯದಲ್ಲಿ ಹೆಬ್ಬೆರಳಲ್ಲಿ ಒಂದು ಗುಳಿ ಒತ್ತಿ, ಒಳಗೂ ಬೇಗ ಬೇಯುತ್ತೆ, ಗುಳೀಲಿ ಸಾರೂ ನಿಲ್ಲುತ್ತೆ.

ಅರಕಲಗೂಡು ಊಟ:
ಇಷ್ಟೆಲ್ಲಾ ಯಾಕೆ? ಇಡ್ಲಿ ಪಾತ್ರೇಲಿ ಉಂಡೆ ಹತ್ತು ಹನ್ನೆರಡು ನಿಮಿಷ ಹಬೇಲಿ ಬೇಯಿಸ್ಕಂಡು ಆಮೇಲೆ ಸಾರಿಗೆ ಹಾಕಿ ಐದ್ ನಿಮಿಷ ಕುದ್ಸಿ ಅಷ್ಟೆಯ. ಒಡೆಯಲ್ಲ, ಬಿಟ್ಕಳಲ್ಲ, ಸಾರು ಸಾರಾಗೇ ಇರುತ್ತೆ. ನಮ್ ಕಡೆ ನುಚ್ಚಿನುಂಡೆ, ಕಡುಬು ಎಲ್ಲಾ ಹಬೇಲೇ. ಇಲ್ಲಿ ಸಾರಲ್ಲೇ ಬೇಯಿಸ್ಬೇಕು ಅಂತ ಹಟ ಯಾಕೆ ಅಂತ ಗೊತ್ತಾಗ್ಲಿಲ್ಲ.

ರಾಜಮುಡಿ ಅಕ್ಕಿ ಸಿಕ್ರೆ ಅದ್ರ ಹಿಟ್ಟಲ್ಲಿ ಮಾಡಿ ನೋಡಿ ಮೇಡಂ, ಬಣ್ಣ ಸ್ವಲ್ಪ ಕೆಂಪು ಬರುತ್ತೆ, ರುಚಿ ಬೇರೇನೇ.

ತೋಟದಮನೆ ಮೂಡಿಗೆರೆ:
ಅಣ್ಣಾ ಹಟ ಅಲ್ಲ, ರುಚಿ ವ್ಯತ್ಯಾಸ ಇದೆ. ಹಬೇಲಿ ಬೆಂದ ಉಂಡೆ ಆಗ್ಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತೆ, ಸಾರಿಗೆ ಹಾಕಿದ್ರೆ ಮೇಲೆ ಮಾತ್ರ ಉಪ್ಪು ಖಾರ ಹತ್ತುತ್ತೆ, ಕಚ್ಚಿದ್ರೆ ಒಳಗೆ ಸಪ್ಪೆ. ಕೋಳಿ ಸಾರಿಗೆ ಕಡುಬು ನೆಂಚ್ಕೊಂಡು ತಿನ್ನೋವಾಗ ಆ ಸಪ್ಪೇನೇ ಚಂದ, ಸಾರೇ ಅಷ್ಟು ಖಾರ ಇರುತ್ತಲ್ಲ. ಆದ್ರೆ ಇವ್ರು ಮಾಡೋದು ಸೌಮ್ಯವಾದ ತರಕಾರಿ ಸಾರು, ಅದ್ರಲ್ಲೇ ಉಂಡೆ ಬೆಂದ್ರೆ ತರಕಾರಿ ರಸ ಒಳಗೆ ಇಳಿಯುತ್ತೆ, ಉಂಡೆಯಿಂದ ಒಂಚೂರು ಗಂಜಿ ಬಿಟ್ಟು ಸಾರೂ ಹದವಾಗಿ ಗಟ್ಟಿ ಆಗುತ್ತೆ, ಬೇಳೆ ಇಲ್ದೇ ಇದ್ರೂ ತೆಳು ಅನ್ಸಲ್ಲ. ಕರಾವಳಿ ಕಡೇನೂ ಪುಂಡಿ ಗಸಿ ಮಾಡ್ತಾರಲ್ಲ, ಸಣ್ಣ ಪುಂಡಿ ಗಸೀಲಿ ಕುದ್ದು ಕುದ್ದು ಒಳಗೆಲ್ಲಾ ಮಸಾಲೆ ಹಿಡ್ಕೊಂಡಿರುತ್ತೆ.

ಒಂದೇ ಪಾತ್ರೇಲಿ ಮುಗೀಬೇಕು ಅಂತಾನೂ ಕೇಳಿದಾರೆ, ಇಡ್ಲಿ ಪಾತ್ರೆ ಬೇರೆ ಇಟ್ರೆ ಅದು ಎರಡಾಯ್ತು.

ಕಾಫಿಹೂ ಚಿಕ್ಕಮಗಳೂರು:
ನಾನು ಕಾಲೇಜಲ್ಲಿ ಆಹಾರ ವಿಜ್ಞಾನ ಓದಿದ್ದು, ಉಕ್ಕರಿಸೋದು ಯಾಕೆ ಬೇಕು ಅನ್ನೋದಕ್ಕೆ ಕಾರಣ ಹೇಳ್ತೀನಿ, ಗೊತ್ತಾದ್ರೆ ಅಳತೆ ನೋಡ್ದೇನೇ ಕೈಗೆ ಹದ ಸಿಗುತ್ತೆ.

ಗೋಧಿ, ಮೈದಾದಲ್ಲಿ ಗ್ಲುಟನ್ ಅಂತ ಪ್ರೋಟೀನ್ ಬಲೆ ಇರುತ್ತೆ. ತಣ್ಣೀರು ಹಾಕಿ ನಾದಿದ್ರೂ ಅದು ಹಿಟ್ಟನ್ನ ಹಿಡ್ಕೊಳ್ಳುತ್ತೆ, ಕುದಿಯೋ ನೀರಿಗೆ ಬಿದ್ರೂ ಬಿಡಲ್ಲ. ಗುಜರಾತಿನೋರ ದಾಲ್ ಢೋಕ್ಲೀಲಿ ಗೋಧಿಹಿಟ್ಟಿನ ತುಂಡುಗಳನ್ನ ಹಸೀದೇ ಬೇಳೆಗೆ ಹಾಕ್ತಾರೆ, ಒಡೆಯಲ್ಲ. ಅಕ್ಕೀಲಿ ಗ್ಲುಟನ್ ಇಲ್ಲ, ರಾಗೀಲೂ ಇಲ್ಲ, ಜೋಳದಲ್ಲೂ ಇಲ್ಲ. ಅಲ್ಲಿ ಹಿಡ್ಕೊಳ್ಳೋ ಕೆಲಸ ಮಾಡೋದು ಬೆಂದ ಪಿಷ್ಟ ಒಂದೇ. ಅಕ್ಕಿ ಪಿಷ್ಟ ಸಾಮಾನ್ಯವಾಗಿ 65ರಿಂದ 75 ಡಿಗ್ರಿ ಒಳಗೆ ನೀರು ಕುಡ್ದು ಉಬ್ಬಿ ಅಂಟಾಗುತ್ತೆ, ಅದಕ್ಕಿಂತ ತಣ್ಣಗಿದ್ರೆ ಹಿಟ್ಟಿನ ಕಣ ಒಂದೊಂದೂ ಬೇರೆ ಬೇರೇನೇ, ನೀರಿಗೆ ಬಿದ್ದ ತಕ್ಷಣ ಚದುರಿ ಹೋಗುತ್ತೆ. ಕುದಿಯೋ ನೀರಲ್ಲಿ ಉಕ್ಕರಿಸಿದಾಗ ಒಂದಷ್ಟು ಪಿಷ್ಟ ಆಗ್ಲೇ ಬೆಂದು ಉಳಿದಿದ್ದನ್ನ ಹಿಡ್ಕೊಳ್ಳುತ್ತೆ. ಅಂದ್ರೆ ಸ್ಟವ್ ಆರಿಸಿದ ಮೇಲೆ ನೀರು ಹಾಕೋದು, ಹೂಬೆಚ್ಚಗಿನ ನೀರಲ್ಲಿ ಕಲಸೋದು ಇವೆಲ್ಲಾ ಸಾಲಲ್ಲ. ಮರಳಲೇಬೇಕು.

ಇನ್ನೊಂದು, ಹಾಸನ ಚಿಕ್ಕಮಗಳೂರು ಎರಡೂ ಹತ್ತತ್ರ 1000 ಮೀಟರ್ ಎತ್ತರದಲ್ಲಿವೆ, ನಮ್ಮಲ್ಲಿ ನೀರು ಕುದಿಯೋದು 100ಕ್ಕಲ್ಲ, ಸುಮಾರು 97 ಡಿಗ್ರಿಗೆ. ದೊಡ್ಡ ವ್ಯತ್ಯಾಸ ಅಲ್ಲ, ಆದ್ರೆ ಮಂಗ್ಳೂರೋರು ವಿಡಿಯೋದಲ್ಲಿ ಹತ್ತು ನಿಮಿಷ ಅಂದ್ರೆ ನಾವು ಎರಡು ಮೂರು ನಿಮಿಷ ಜಾಸ್ತಿ ಇಡೋದು ಒಳ್ಳೇದು.

ನೀವು ನೋಡಿದ ವಿಡಿಯೋದ ಉಂಡೆ ಉಬ್ಬೋದು ಬೇಕಿಂಗ್ ಪೌಡರಿಂದ. ಒಂದು ಕಪ್ ಮೈದಾಗೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಸ್ವಲ್ಪ ಬೆಣ್ಣೆ, ಅರ್ಧ ಕಪ್ ಹಾಲು ಹಾಕಿ ಮೆತ್ತಗೆ ಕಲಸಿ ಸಾರಿನ ಮೇಲೆ ಬಿಟ್ಟು ಹದಿನೈದು ನಿಮಿಷ ಮುಚ್ಚಳ ತೆಗೀಬಾರ್ದು. ಕೆಳಗಿನ ಭಾಗ ಸಾರಲ್ಲಿ ಬೇಯುತ್ತೆ, ಮೇಲಿನ ಭಾಗ ಹಬೇಲಿ ಬೇಯುತ್ತೆ, ಮಧ್ಯ ಮುಚ್ಚಳ ತೆಗೆದ್ರೆ ಹಬೆ ಹೋಗಿ ಕುಸಿಯುತ್ತೆ. ಅಕ್ಕಿಹಿಟ್ಟಿಗೆ ಬೇಕಿಂಗ್ ಪೌಡರ್ ಹಾಕಿ ಹಂಗೇ ಮಾಡೋಕೆ ಹೋಗ್ಬೇಡಿ, ಗಾಳಿ ಹಿಡ್ಕೊಳ್ಳೋ ಬಲೆ ಇಲ್ದೆ ಇನ್ನೂ ಬೇಗ ಒಡೆಯುತ್ತೆ.

ಹಾಸನದ ಸೊಸೆ:
ಎಷ್ಟು ಚೆನ್ನಾಗಿ ಹೇಳಿದ್ರಿ ಎಲ್ರೂ, ತುಂಬಾ ಥ್ಯಾಂಕ್ಸ್. ಉಕ್ಕರಿಸೋದು ಅರ್ಥ ಆಯ್ತು. ಇನ್ನು ಸಾರಿನ ಕಡೆ ಕೇಳ್ತೀನಿ, ಉಂಡೆ ಬೇಯೋ ಅಷ್ಟ್ರಲ್ಲಿ ಆಲೂಗಡ್ಡೆ ಕರಗೋಗುತ್ತೆ, ಕ್ಯಾರೆಟ್ ಮಾತ್ರ ಗಟ್ಟಿ ಇರುತ್ತೆ, ಕಾಯಿಹಾಲು ಒಡೆದಂಗೆ ಕಾಣುತ್ತೆ. ಯಾವುದು ಯಾವಾಗ ಹಾಕ್ಬೇಕು? ರಾಗಿಹಿಟ್ಟು ಸೇರ್ಸಬಹುದಾ?

ಹೇಮಾವತಿ ದಂಡೆ:
ಸಕಲೇಶಪುರದ ಕಡೆಯೋಳು ನಾನು, ಮಳೆಗಾಲ ಅಂದ್ರೆ ನಮ್ಮನೇಲಿ ಇದೇ ಊಟ. ಸಾರು ಸರಿಯಾಗಿ ಇದ್ರೆ ಉಂಡೆನೂ ಸರಿಯಾಗಿ ಬೇಯುತ್ತೆ ಕಣಮ್ಮ, ಅದಕ್ಕೆ ಸಾರಿಂದ ಶುರು ಮಾಡೋಣ.

ಅಗಲ ಬಾಯಿನ, ತಳ ದಪ್ಪ ಇರೋ ಪಾತ್ರೆ ತಗೋ. ಉದ್ದ ಪಾತ್ರೇಲಿ ಉಂಡೆ ಒಂದ್ರ ಮೇಲೆ ಒಂದು ಬಿದ್ದು ಅಂಟ್ಕೊಳ್ಳುತ್ತೆ. ಒಂದು ಚಮಚ ಎಣ್ಣೇಲಿ ಈರುಳ್ಳಿ, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸಿನಕಾಯಿ ಬಾಡಿಸಿ, ನಾಲ್ಕು ಕರಿಮೆಣಸು ಕುಟ್ಟಿ ಹಾಕಿದ್ರೆ ಇನ್ನೂ ಚಂದ, ತೋಟದ ಮೆಣಸು ಮನೇಲಿ ಇದ್ರೆ ಅದೇ ಸಾಕು ಹಸಿಮೆಣಸಿನಕಾಯೀನೂ ಬೇಡ. ಆಮೇಲೆ ಕ್ಯಾರೆಟ್ಟು, ಬೀನ್ಸು, ಹಸಿ ಬಟಾಣಿ ಮುಳುಗಿ ಮೇಲೆ ಮೂರು ಬೆರಳು ನಿಲ್ಲೋ ಅಷ್ಟು ನೀರು. ನೀರು ಜಾಸ್ತಿ ಆಯ್ತು ಅನ್ಸುತ್ತೆ ನಿಂಗೆ, ಇರ್ಲಿ, ಉಂಡೆ ಕುಡಿಯುತ್ತೆ. ಇವೆಲ್ಲಾ ಅರ್ಧ ಬೆಂದ ಮೇಲೆ ಆಲೂಗಡ್ಡೆ, ಅದೂ ದಪ್ಪ ದಪ್ಪ ಹೋಳು.

ಆಲೂಗಡ್ಡೆ ವಿಷಯ ಹೇಳ್ಬೇಕು ಅಂದ್ರೆ, ಮೇ ಕೊನೆಗೆ ಬಿತ್ತಿದ್ದು ನಮ್ ಜಿಲ್ಲೇಲಿ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಕೀಳ್ತಾರೆ, ಸಿಪ್ಪೆ ಉಜ್ಜಿದ್ರೇ ಬಿಟ್ಕೊಳ್ಳೋ ಆ ಹೊಸ ಗಡ್ಡೆ ಇಂಥ ಸಾರಿಗೆ ಹೇಳಿ ಮಾಡಿಸಿದ್ದು, ಕುದ್ರೂ ಹೋಳು ಹಂಗೇ ನಿಲ್ಲುತ್ತೆ. ಶೇಖರಿಸಿಟ್ಟ ಹಳೇ ಗಡ್ಡೆ ಪುಡಿ ಪುಡಿ ಆಗೋದು ಜಾಸ್ತಿ, ಅದನ್ನ ಉಂಡೆ ಜೊತೆಗೇ ಹಾಕು, ಮೊದ್ಲೇ ಬೇಡ.

ಟೊಮ್ಯಾಟೊ ಮೊದ್ಲೇ ಹಾಕ್ತಿದೀಯ ಅನ್ಸುತ್ತೆ, ಅದಕ್ಕೇ ಕ್ಯಾರೆಟ್ ಗಟ್ಟಿ. ಹುಳಿ ಬಿದ್ರೆ ತರಕಾರಿ ಬೇಯೋದು ನಿಧಾನ ಆಗುತ್ತೆ, ತರಕಾರಿ ಮೆತ್ತಗಾದ ಮೇಲೆ ಹುಳಿ ಹಾಕೋದು. ಕಾಯಿಹಾಲಲ್ಲಿ ಎರಡು ಮಾಡ್ಕೋ. ಎರಡನೇ ಸಲ ಹಿಂಡಿದ ತೆಳು ಹಾಲನ್ನ ನೀರಿನ ಬದ್ಲು ಸಾರಿಗೇ ಹಾಕಿ ಕುದಿಸ್ಬಹುದು, ಮೊದಲನೇ ಗಟ್ಟಿ ಹಾಲು ಒಲೆ ಆರಿಸೋಕೆ ಒಂದು ನಿಮಿಷ ಮುಂಚೆ, ಹಾಕಿದ್ಮೇಲೆ ಕುದಿ ಬರ್ಬಾರ್ದು. ಕುದ್ರೆ ಎಣ್ಣೆ ಬಿಟ್ಟು ಒಡೆದಂಗೆ ಆಗುತ್ತೆ.

ಉಂಡೆ ಬಿಡೋವಾಗ ಸಾರು ಜೋರಾಗಿ ಮರಳ್ತಿರ್ಬೇಕು, ಮೇಲಿನ ಪದರ ತಕ್ಷಣ ಬಿಗಿ ಆಗ್ಲಿ ಅಂತ. ಒಂದೊಂದೇ ಬಿಡು, ಒಟ್ಟಿಗೆ ಸುರಿದ್ರೆ ಸಾರು ತಣ್ಣಗಾಗಿ ಕುದಿ ನಿಲ್ಲುತ್ತೆ. ಎಲ್ಲಾ ಬಿಟ್ಟ ಮೇಲೆ ಮೂರು ನಿಮಿಷ ಸೌಟು ಮುಟ್ಟಿಸ್ಲೇಬೇಡ, ತಳ ಹಿಡೀತು ಅಂತ ಭಯ ಆದ್ರೆ ಪಾತ್ರೆ ಕಿವಿ ಹಿಡ್ಕೊಂಡು ಅಲ್ಲಾಡ್ಸು ಸಾಕು. ಆಮೇಲೆ ಉರಿ ಸಣ್ಣ ಮಾಡಿ ಅರ್ಧ ಮುಚ್ಚಿ ಹನ್ನೆರಡರಿಂದ ಹದಿನೈದು ನಿಮಿಷ. ಜೋರು ಉರೀಲಿ ಹಂಗೇ ಬಿಟ್ರೆ ಉಂಡೆ ಒಂದಕ್ಕೊಂದು ಗುದ್ದಿ ತೊಳೆದು ಹೋಗುತ್ತೆ. ತೇಲಿದ ತಕ್ಷಣ ಆಯ್ತು ಅಂದ್ಕೋಬೇಡ, ತೇಲಿದ ಮೇಲೂ ನಾಲ್ಕೈದು ನಿಮಿಷ ಬೇಕು. ಒಂದನ್ನ ತೆಗೆದು ಮುರಿದು ನೋಡು, ಮಧ್ಯ ಬೆಳ್ಳಗೆ ಪುಡಿ ಕಂಡ್ರೆ ಇನ್ನೂ ಆಗಿಲ್ಲ, ಪೂರ್ತಿ ಒಂದೇ ಬಣ್ಣಕ್ಕೆ ಹೊಳೀತಿದ್ರೆ ಬೆಂದಿದೆ.

ಕುಕ್ಕರ್ ಬೇಡಮ್ಮ. ಒಳಗೆ ಏನಾಗ್ತಿದೆ ಕಾಣಲ್ಲ, ಉಂಡೆ ತಳಕ್ಕೆ ಕೂತು ಅಂಟುತ್ತೆ, ಗಂಜಿ ಉಕ್ಕಿ ವಿಷಲ್ ತೂತು ಕಟ್ಕೊಂಡ್ರೆ ಅಪಾಯ ಬೇರೆ. ಕ್ಯಾರೆಟ್ ಬಟಾಣಿ ಮಾತ್ರ ಬೇಕಾದ್ರೆ ಒಂದು ವಿಷಲ್ ಕೂಗಿಸ್ಕೋ.

ಮಾವನೋರ ವಿಷಯಕ್ಕೆ ಬರ್ತೀನಿ. ನುಣ್ಣನೆ ಹಿಟ್ಟಿನ ಉಂಡೆ ಅಂಟು ಜಾಸ್ತಿ, ಹಲ್ಲಿಲ್ದೋರಿಗೆ ಗಂಟಲಲ್ಲಿ ನಿಲ್ಲುತ್ತೆ. ಅವ್ರಿಗೆ ಅಕ್ಕಿ ತರೀಲಿ ಮಾಡು. ಒಂದು ಲೋಟ ತರಿಗೆ ಎರಡು ಲೋಟ ನೀರು ಕುದಿಸಿ ಉಪ್ಪು ಹಾಕಿ ತರಿ ಸುರಿದು ಉಪ್ಪಿಟ್ಟಿನ ಹದಕ್ಕೆ ಬೇಯಿಸಿ, ಮುಚ್ಚಿ ಆರಿದ ಮೇಲೆ ಕಟ್ಟು. ಬಾಯಲ್ಲಿ ತಾನಾಗೇ ಬಿಡಿಸ್ಕೊಳ್ಳುತ್ತೆ. ಗುಂಡಗೆ ಬೇಡ, ಚಪ್ಪಟೆ ತಟ್ಟಿ ಸಣ್ಣದು ಮಾಡು, ತಟ್ಟೇಲಿ ಚಮಚದಲ್ಲಿ ಮುರಿದು ಸಾರು ಜಾಸ್ತಿ ಹಾಕಿ ಕೊಡು, ಅವ್ರು ನೆಟ್ಟಗೆ ಕೂತು ಉಣ್ಲಿ. ನುಂಗೋವಾಗ ಕೆಮ್ಮು ಬರುತ್ತೆ ಅನ್ನೋ ಹಾಗಿದ್ರೆ ಉಂಡೆನೇ ಬೇಡ, ಮೊದ್ಲು ಡಾಕ್ಟ್ರಿಗೆ ತೋರ್ಸು.

ರಾಗಿ ಸೇರ್ಸು, ಕಾಲು ಭಾಗ ಸಾಕು, ಅದನ್ನೂ ಅಕ್ಕಿಹಿಟ್ಟಿನ ಜೊತೆಗೇ ಉಕ್ಕರಿಸ್ಬೇಕು. ಸಾರಿನ ಬಣ್ಣ ಕಂದು ಆಗುತ್ತೆ, ರುಚಿಗೇನೂ ತೊಂದ್ರೆ ಇಲ್ಲ.

ಬೇಲೂರು ರೋಡ್:
ಕಾಯಿಹಾಲಿನ ಸಾರು ಇಷ್ಟ ಇಲ್ದೋರು ಕಡ್ಲೆಬೇಳೆ ಉಂಡೆ ಸಾರೂ ಮಾಡ್ಬಹುದು ಇದೇ ಥರ. ಕೈಮಾ ಉಂಡೆ ಸಾರು ಗೊತ್ತಲ್ಲ, ನಮ್ಮೂರ ಕಡೆ ಭಾನುವಾರ ಅಂದ್ರೆ ಅದು, ಸಸ್ಯಾಹಾರಿಗಳ ಮನೇಲಿ ಅದೇ ಮಸಾಲೇಲಿ ಬೇಳೆ ಉಂಡೆ. ಕಡ್ಲೆಬೇಳೆ ಎರಡು ಗಂಟೆ ನೆನೆಸಿ ನೀರು ಪೂರ್ತಿ ಬಸಿದು ಚಕ್ಕೆ ಲವಂಗ ಶುಂಠಿ ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಜೊತೆ ನೀರು ಹಾಕ್ದೇ ತರಿತರಿ ರುಬ್ಬಿ, ಸಬ್ಬಸಿಗೆ ಸೊಪ್ಪು ಕೊಚ್ಚಿ ಹಾಕಿ, ಎರಡು ಚಮಚ ಹುರಿಗಡ್ಲೆ ಪುಡಿ ಸೇರ್ಸಿ ಉಂಡೆ ಕಟ್ಟಿ. ಹುರಿಗಡ್ಲೆ ತೇವ ಹೀರ್ಕೊಂಡು ಹಿಡ್ಕೊಳ್ಳುತ್ತೆ. ಮೊದ್ಲು ಒಂದೇ ಒಂದು ಉಂಡೆ ಕುದಿಯೋ ಸಾರಿಗೆ ಬಿಟ್ಟು ನೋಡಿ, ನಿಂತ್ರೆ ಉಳಿದಿದ್ದು ಬಿಡಿ, ಬಿಟ್ಕೊಂಡ್ರೆ ಇನ್ನೊಂದು ಚಮಚ ಹುರಿಗಡ್ಲೆ ಪುಡಿ. ಈ ಒಂದು ಉಂಡೆ ಪರೀಕ್ಷೆ ಅಕ್ಕಿ ಉಂಡೆಗೂ ಮಾಡ್ಬಹುದು, ಇಡೀ ಸಾರು ಉಳಿಯುತ್ತೆ.

ಅರಕಲಗೂಡು ಊಟ:
ತರಿ ಉಂಡೆ ಸಾರಲ್ಲೇ ಬೇಯಿಸಿ ನೋಡ್ದೆ ನೆನ್ನೆ. ಹಬೇಲಿ ಮಾಡಿದ್ದಕ್ಕಿಂತ ರುಚಿ ಇದೆ, ಒಪ್ಕೋತೀನಿ, ಒಳಗೆಲ್ಲಾ ಮೆಣಸಿನ ಖಾರ ಹಿಡಿದಿತ್ತು. ಆದ್ರೂ ಇಪ್ಪತ್ತು ಜನಕ್ಕೆ ಮಾಡೋದಾದ್ರೆ ನಾನು ಹಬೇಲೇ ಮಾಡೋದು, ಅಷ್ಟು ಉಂಡೆ ಒಂದೇ ಪಾತ್ರೇಲಿ ಸಾರಲ್ಲಿ ನಿಭಾಯಿಸೋಕಾಗಲ್ಲ.

ಹಾಸನದ ಸೊಸೆ:
ಹೇಮಾವತಿ ದಂಡೆ ಅಮ್ಮಾ, ನೀವು ಹೇಳ್ದಂಗೇ ಮಾಡ್ದೆ, ಒಂದೂ ಒಡೀಲಿಲ್ಲ! ನಮಗೆ ಹಿಟ್ಟಿಂದು, ಮಾವನೋರಿಗೆ ತರೀದು ಚಪ್ಪಟೆ ಮಾಡಿ ಹಾಕ್ದೆ, ಅವ್ರು ಇನ್ನೆರಡು ಹಾಕಮ್ಮ ಅಂತ ಕೇಳಿ ಹಾಕಿಸ್ಕೊಂಡ್ರು. ಕರಿಮೆಣಸು ಹಾಕಿದ್ದಕ್ಕೆ ಮನೆ ತುಂಬಾ ಘಮ. ಎಲ್ರಿಗೂ ನಿಜವಾಗ್ಲೂ ಥ್ಯಾಂಕ್ಸ್.

ಕೊನೇದಾಗಿ ಎರಡು ಕೇಳ್ತೀನಿ. ಬೆಳಗ್ಗೇನೇ ಉಂಡೆ ಕಟ್ಟಿಟ್ಟು ಹೋಗ್ಬಹುದಾ? ಉಳಿದ ಸಾರು ಮಾರನೇ ದಿನ ಕಲ್ಲಿನಂಗೆ ಗಟ್ಟಿ ಆಗಿತ್ತು, ಅದನ್ನ ಏನ್ಮಾಡೋದು?

ಕಾಫಿಹೂ ಚಿಕ್ಕಮಗಳೂರು:
ಕಟ್ಟಿಡಬಹುದು. ಉಂಡೆ ಮೇಲೆ ಎಣ್ಣೆ ಸವರಿ, ಒಂದಕ್ಕೊಂದು ತಾಗ್ದಂಗೆ ಡಬ್ಬೀಲಿಟ್ಟು ಗಟ್ಟಿ ಮುಚ್ಚಿ ಫ್ರಿಜ್ಜಲ್ಲಿಡಿ, ಹೊರಗಡೆ ಬೇಡ, ಅರ್ಧ ಬೆಂದ ಹಿಟ್ಟು ಹೊರಗಿದ್ರೆ ಹುಳಿ ಬರುತ್ತೆ. ಮುಚ್ಚದೇ ಇಟ್ರೆ ಮೇಲೆ ಒಣಗಿ ಬಿರುಕು ಬಿಡುತ್ತೆ. ಸಂಜೆ ಸಾರಿಗೆ ಹಾಕೋ ಅರ್ಧ ಗಂಟೆ ಮುಂಚೆ ಹೊರಗಿಟ್ಟು, ಬಿರುಕು ಕಂಡಿದ್ದನ್ನ ಒದ್ದೆ ಕೈಯಲ್ಲಿ ಮತ್ತೆ ಒತ್ತಿ, ಬೇಯೋಕೆ ಮೂರು ನಾಲ್ಕು ನಿಮಿಷ ಜಾಸ್ತಿ ಕೊಡಿ.

ಗಟ್ಟಿ ಆಗೋದು ಸಹಜ. ಬೆಂದ ಪಿಷ್ಟ ತಣ್ಣಗಾದ್ರೆ ಮತ್ತೆ ಬಿಗಿಯುತ್ತೆ, ಫ್ರಿಜ್ಜಲ್ಲಿಟ್ಟ ಅನ್ನ ಗಟ್ಟಿ ಆಗೋದೂ ಅದಕ್ಕೇ, ಬಿಸಿ ಮಾಡಿದ್ರೆ ಮೆತ್ತಗಾಗುತ್ತೆ. ಒಂದು ಲೋಟ ಬಿಸಿನೀರು ಹಾಕಿ ಸಣ್ಣ ಉರೀಲಿ ಮುಚ್ಚಿ ಕುದಿಸಿ, ಉಂಡೆ ಒಳಗಿನ ತನಕ ಬಿಸಿ ಆಗ್ಬೇಕು, ಕಾಯಿಹಾಲು ಸ್ವಲ್ಪ ಒಡೆದಂಗೆ ಕಂಡ್ರೂ ಪರವಾಗಿಲ್ಲ. ರಾತ್ರಿ ಉಳಿದಿದ್ದನ್ನ ಮಾತ್ರ ಊಟ ಆದ್ಮೇಲೆ ಬೇಗ ಫ್ರಿಜ್ಜಿಗೆ ಹಾಕಿ, ಒಲೆ ಮೇಲೇ ಬೆಳಗ್ಗೆವರೆಗೂ ಬಿಡಬೇಡಿ. ಕಾಯಿಹಾಲು ಇರೋದ್ರಿಂದ ಚಳಿಗಾಲದಲ್ಲೂ ಬೇಗ ಕೆಡುತ್ತೆ.

ತೋಟದಮನೆ ಮೂಡಿಗೆರೆ:
ನಾಳೆಗೆ ಉಳಿಯುತ್ತೆ ಅಂತ ಮೊದ್ಲೇ ಗೊತ್ತಿದ್ರೆ ಕಾಯಿಹಾಲು ಹಾಕೋಕೆ ಮುಂಚೇನೇ ಅಷ್ಟನ್ನ ಬೇರೆ ಪಾತ್ರೆಗೆ ಎತ್ತಿಡಿ, ಮಾರನೇ ದಿನ ಬಿಸಿ ಮಾಡೋವಾಗ ಹೊಸ ಹಾಲು ಹಾಕ್ಕೊಳ್ಳಿ. ಡಿಸೆಂಬರ್ ಬಂದ್ಮೇಲೆ ಬಟಾಣಿ ಬದ್ಲು ಸೊಗಡವರೆಕಾಳು ಹಾಕಿ ಮಾಡಿ, ಆಗ ಕಾಯಿಹಾಲೂ ಬೇಡ, ಕಾಳಿನ ರಸಾನೇ ಸಾಕು. ಕಾಳು ಮಾತ್ರ ಪೂರ್ತಿ ಬೆಂದ ಮೇಲೇ ಉಂಡೆ ಬಿಡಿ.